641 ಮನೆಗಳಿಗೆ ಹಂಚಬಹುದಾದ ಬತ್ತ

ನಮಸ್ಕಾರ. ಚದುರಂಗದ ಮಣೆಯ ಮೊದಲ ಮನೆಗೆ ಒಂದು ಕಾಳು ಬತ್ತ, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು ಎಂದು 64 ಮನೆಗಳವರೆಗೆ ಇಮ್ಮಡಿಸುತ್ತ ಹೋಗುವ ಕಥೆಯನ್ನು ನೀವೆಲ್ಲ ಕೇಳಿದ್ದೀರಿ. ತೀರ್ಥಹಳ್ಳಿ ಕಡೆಯ ವೀಕ್ಷಕರೊಬ್ಬರು ಆ ಕಥೆಯ ಬಗ್ಗೆ ಬೇರೆಯದೇ ಪ್ರಶ್ನೆ ಕೇಳಿದ್ದಾರೆ: "ಅಷ್ಟೂ ಬತ್ತವನ್ನು ಒಂದು ಕಾಳೂ ಉಳಿಯದಂತೆ ಸಮನಾಗಿ ಹಂಚುವುದಾದರೆ ಎಷ್ಟೆಷ್ಟು ಮನೆತನಗಳಿಗೆ ಹಂಚಬಹುದು, ಸರ್?"

ಒಟ್ಟು ಕಾಳುಗಳು 1,84,46,74,40,73,70,95,51,615; ಅಂದರೆ ಎರಡರ 64ನೆಯ ಘಾತಕ್ಕಿಂತ ಒಂದು ಕಡಿಮೆ. ಸಾವಿರ ಕಾಳಿಗೆ 25 ಗ್ರಾಂ ಎಂದು ಹಿಡಿದರೆ ಇದು ಸುಮಾರು 46,000 ಕೋಟಿ ಟನ್ ಆಗುತ್ತದೆ. ನಮ್ಮ ಲಿಂಗನಮಕ್ಕಿ ಜಲಾಶಯವನ್ನು ಈ ಬತ್ತದಿಂದ ನೂರು ಸಲ ತುಂಬಿದರೂ ರಾಶಿ ಮುಗಿಯುವುದಿಲ್ಲ.

ಇದನ್ನು ಹಂಚುವ ಬಗೆಯನ್ನು ತಿಳಿಯಲು ಬಾಳೆ ದಿಂಡು ಬಿಡಿಸುವುದನ್ನು ನೆನಪಿಸಿಕೊಳ್ಳಿ. ವರ್ಗದಿಂದ ಒಂದನ್ನು ಕಳೆದ ಯಾವ ಸಂಖ್ಯೆಯೂ ಎರಡು ಅಪವರ್ತನಗಳಾಗಿ ಒಡೆಯುತ್ತದೆಯಾದ್ದರಿಂದ, ಎರಡರ 32ನೆಯ ಘಾತಕ್ಕೆ ಒಂದು ಕೂಡಿಸಿದ ಸಂಖ್ಯೆ ಮೊದಲ ಪಟ್ಟೆಯಾಗಿ ಹೊರಗೆ ಬರುತ್ತದೆ, ಒಳಗೆ ಅದೇ ಘಾತದಿಂದ ಒಂದು ಕಳೆದದ್ದು ಉಳಿಯುತ್ತದೆ, ಅದೂ ಹಾಗೆಯೇ ಬಿಡಿಸಿಕೊಳ್ಳುತ್ತದೆ. ಹೀಗೆ ಆರು ಪಟ್ಟೆ ಬಿಡಿಸಿದಾಗ ಸಿಗುವವು 4,29,49,67,297, 65,537, 257, 17, 5 ಮತ್ತು 3. ನಡುವಿನ ದಿಂಡು ಬರೀ ಒಂದು.

ಇವುಗಳಲ್ಲಿ ಚಿಕ್ಕವು ಐದೂ ಅವಿಭಾಜ್ಯ ಸಂಖ್ಯೆಗಳು. ಹದಿನೇಳನೆಯ ಶತಮಾನದ ಗಣಿತಜ್ಞ ಫರ್ಮಾ, ಈ ಜಾತಿಯ ಸಂಖ್ಯೆಗಳೆಲ್ಲವೂ ಅವಿಭಾಜ್ಯವೆಂದೇ ನಂಬಿದ್ದರು. 1732ರಲ್ಲಿ ಗಣಿತಜ್ಞ ಆಯ್ಲರ್ ಆ ದೊಡ್ಡ ಪಟ್ಟೆಯನ್ನು 641ರಿಂದ ಭಾಗಿಸಿ ತೋರಿಸಿದರು. ಇದನ್ನು ಪರಿಶೀಲಿಸಲು ದೊಡ್ಡ ಭಾಗಾಕಾರವೇ ಬೇಡ ಎನ್ನುವುದು ನನಗೆ ಇಂದಿಗೂ ಬೆರಗು, ಆದ್ದರಿಂದ ದಯವಿಟ್ಟು ಕಾಗದ ತೆಗೆದುಕೊಳ್ಳಿ. 641 ಎಂದರೆ 5 ಗುಣಿಸು 128, ಕೂಡಿಸು 1. ಅದೇ 641 ಎಂದರೆ 625 ಕೂಡಿಸು 16 ಕೂಡ ಹೌದು. ಮೊದಲ ರೂಪದ ಪ್ರಕಾರ 5 ಗುಣಿಸು 128ನ್ನು 641ರಿಂದ ಭಾಗಿಸಿದರೆ ಶೇಷವನ್ನು ಋಣ ಒಂದು ಎನ್ನಬಹುದು. ಅದನ್ನು ನಾಲ್ಕನೆಯ ಘಾತಕ್ಕೆ ಏರಿಸಿದರೆ, 625 ಗುಣಿಸು ಎರಡರ 28ನೆಯ ಘಾತಕ್ಕೆ ಶೇಷ ಒಂದು. ಎರಡನೆಯ ರೂಪದ ಪ್ರಕಾರ 625ರ ಜಾಗದಲ್ಲಿ ಋಣ 16 ಇಡಬಹುದು. 16 ಎಂದರೆ ಎರಡರ ನಾಲ್ಕನೆಯ ಘಾತವಾದ್ದರಿಂದ, ಎರಡರ 32ನೆಯ ಘಾತದ ಶೇಷ ಋಣ ಒಂದು ಎಂದಾಯಿತು. ಅದಕ್ಕೆ ಒಂದು ಕೂಡಿಸಿದರೆ ಶೇಷ ಸೊನ್ನೆ. ಒಂದೇ ಸಂಖ್ಯೆಯನ್ನು ಎರಡು ಬಗೆಯಲ್ಲಿ ಬರೆದದ್ದರಿಂದಲೇ ಇಷ್ಟೂ ಆಯಿತು.

ಸಮಯ ಕಡಿಮೆಯಿರುವುದರಿಂದ ಉಳಿದದ್ದನ್ನು ಒಟ್ಟಿಗೆ ಹೇಳುತ್ತೇನೆ. ಆ ದೊಡ್ಡ ಪಟ್ಟೆಯನ್ನು 641ರಿಂದ ಭಾಗಿಸಿದಾಗ ಸಿಗುವ 67,00,417 ಕೂಡ ಅವಿಭಾಜ್ಯ. ಹಾಗಾಗಿ ನಮ್ಮ ಸಂಖ್ಯೆಗೆ ಬೇರೆ ಬೇರೆಯ ಏಳು ಅವಿಭಾಜ್ಯ ಅಪವರ್ತನಗಳಿವೆ. ಭಾಜಕವೊಂದನ್ನು ಕಟ್ಟುವಾಗ ಪ್ರತಿಯೊಂದನ್ನೂ ಸೇರಿಸಬಹುದು ಅಥವಾ ಬಿಡಬಹುದು, ಆದ್ದರಿಂದ ಎರಡನ್ನು ಏಳು ಸಲ ಗುಣಿಸಿದಂತೆ ಭಾಜಕಗಳು ಒಟ್ಟು 128.

ಅಂದರೆ ವೀಕ್ಷಕರ ಪ್ರಶ್ನೆಗೆ ಉತ್ತರವಾಗಿ, ಬತ್ತವನ್ನು 128 ಬಗೆಯಲ್ಲಿ ಸಮನಾಗಿ ಹಂಚಬಹುದು. ಮೂರು ಮನೆಗೆ ಆಗುತ್ತದೆ, ಐದು ಮನೆಗೆ ಆಗುತ್ತದೆ, 641 ಮನೆಗೂ ಆಗುತ್ತದೆ. ಏಳು ಮನೆಗೆ ಹಂಚಹೊರಟರೆ ಮಾತ್ರ ಕೊನೆಗೆ ಒಂದೇ ಒಂದು ಕಾಳು ಉಳಿಯುತ್ತದೆ.