ಸುಟ್ಟ ಚರ್ಚಿನಲ್ಲಿ ಹಾಡಿಸಿದ ಮೇಷ್ಟ್ರು

ಕೇಳುಗರೇ, ನಮಸ್ಕಾರ.

ಇವತ್ತು ರುಡಾಲ್ಫ್ ಮೌವರ್ಸ್‌ಬರ್ಗರ್ ಬಗ್ಗೆ ಮಾತಾಡೋಣ. 1889ರಲ್ಲಿ ಜರ್ಮನಿಯ ಸ್ಯಾಕ್ಸನಿಯ ಒಂದು ಗುಡ್ಡಗಾಡು ಹಳ್ಳಿಯಲ್ಲಿ ಹುಟ್ಟಿದವರು. ಅಪ್ಪ ಊರಿನ ಮೇಷ್ಟ್ರು, ಚರ್ಚಿನ ಸಂಗೀತವನ್ನೂ ಅವರೇ ನೋಡಿಕೊಳ್ಳುತ್ತಿದ್ದರು. ಮಗ ಲೈಪ್‌ಜಿಗ್‌ಗೆ ಹೋಗಿ ಆರ್ಗನ್, ಅಂದರೆ ಚರ್ಚಿನಲ್ಲಿ ನುಡಿಸುವ ದೊಡ್ಡ ಕೊಳವೆ ವಾದ್ಯ, ಕಲಿತರು. ಆಖೆನ್‌ನಲ್ಲಿ ಚರ್ಚಿನ ಆರ್ಗನಿಸ್ಟ್ ಆದರು, ಆಮೇಲೆ ಹೆಸರಾಂತ ಸಂಗೀತಕಾರ ಬಾಖ್ ಹುಟ್ಟಿದ ಊರಾದ ಐಸೆನಾಖ್‌ನಲ್ಲಿ ಕೆಲಸ ಮಾಡಿದರು. 1930ರಲ್ಲಿ ಡ್ರೆಸ್ಡೆನ್‌ನಿಂದ ಗಾಯನವೃಂದ ನಡೆಸಲು ಕರೆ ಬಂತು. ಅಲ್ಲಿನ ಕ್ರೊಯ್ಟ್ಸ್‌ ಚರ್ಚಿನ ಹುಡುಗರ ಗಾಯನವೃಂದ ಆಗಲೇ ಏಳು ಶತಮಾನದಷ್ಟು ಹಳೆಯದಾಗಿತ್ತು. ಎಳೆಯ ಹುಡುಗರು ಮೇಲಿನ ಸ್ವರ ಹಾಡುತ್ತಾರೆ, ದನಿ ಒಡೆದ ದೊಡ್ಡ ಹುಡುಗರು ಕೆಳಗಿನದನ್ನು.

1933ರಲ್ಲಿ ಅವರು ನಾಜಿ ಪಕ್ಷ ಸೇರಿದ್ದರು. ಇದನ್ನು ಮುಚ್ಚಿಟ್ಟು ಅವರ ಕಥೆ ಹೇಳೋದು ಸರಿಯಲ್ಲ. ಹಾಗಂತ ವೃಂದದಲ್ಲಿ ದೇವರ ಹಾಡನ್ನು ಅವರು ಬಿಟ್ಟುಕೊಡಲಿಲ್ಲ, ಅದೂ ನಿಜ.

1945ರ ಫೆಬ್ರವರಿ 13ರ ರಾತ್ರಿ ಡ್ರೆಸ್ಡೆನ್ ಮೇಲೆ ಬಾಂಬ್ ಬಿತ್ತು. ಚರ್ಚು ಸುಟ್ಟಿತು, ಶಾಲೆ ಸುಟ್ಟಿತು, ವೃಂದದ 11 ಹುಡುಗರು ಸತ್ತರು. ತಾನೇ ಪಾಠ ಹೇಳಿದ ಮಕ್ಕಳು! ಈಸ್ಟರ್ ಹೊತ್ತಿಗೆ ಅವರು ಒಂದು ಹಾಡು ಬರೆದರು. ಮಾತುಗಳು ಬೈಬಲ್‌ನ ಪ್ರಲಾಪಗಳು ಎಂಬ ಭಾಗದಿಂದ ಆಯ್ದವು: ಜನ ತುಂಬಿದ್ದ ಪಟ್ಟಣ ಹೇಗೆ ಹಾಳುಬಿದ್ದಿದೆ, ಮೇಲಿನಿಂದ ನನ್ನ ಎಲುಬಿನೊಳಗೆ ಬೆಂಕಿ ಬಂತು, ನಮ್ಮನ್ನು ಯಾಕೆ ಮರೆತೆ. ಸಾವಿರಾರು ವರ್ಷ ಹಳೆಯ ಸಾಲುಗಳು, ಆದರೆ ಆ ಊರಿನವರಿಗೆ ಅದು ಮೊನ್ನೆ ಮೊನ್ನೆ ಕಣ್ಣಾರೆ ಕಂಡದ್ದು. ಜೊತೆಗೆ ವಾದ್ಯ ಯಾವುದೂ ಇಲ್ಲ, ಬರೀ ದನಿ. ಜೀವಮಾನವೆಲ್ಲ ಆರ್ಗನ್ ಜೊತೆ ಬದುಕಿದವರು ಇಲ್ಲಿ ಅದನ್ನೂ ಬಿಟ್ಟರಲ್ಲ, ನನಗೆ ಅದೇ ಜಾಸ್ತಿ ಕಾಡುತ್ತದೆ. ಚೆದುರಿಹೋಗಿದ್ದ ಹುಡುಗರನ್ನು ಮತ್ತೆ ಒಟ್ಟುಗೂಡಿಸಿ, ಆಗಸ್ಟ್ 4ರಂದು, ಒಳಗೆಲ್ಲ ಸುಟ್ಟುಹೋಗಿದ್ದ ಅದೇ ಚರ್ಚಿನಲ್ಲಿ ಅದನ್ನು ಹಾಡಿಸಿದರು. ದುರಂತ ನಡೆದು ಇನ್ನೂ ಆರು ತಿಂಗಳೂ ಆಗಿರಲಿಲ್ಲ.

ಆಮೇಲೆ ಸತ್ತವರಿಗಾಗಿ 'ಡ್ರೆಸ್ಡೆನ್ ರೆಕ್ವಿಯಂ' ಬರೆದರು. ಯುದ್ಧ ಮುಗಿದ ವರ್ಷ ವೃಂದ ಸೇರಿದ ಪೇಟರ್ ಶ್ರೈಯರ್ ಎಂಬ ಹುಡುಗನ ಗಂಟಲನ್ನು ಗುರುತಿಸಿ, ಅವನಿಗಾಗಿಯೇ ಹಾಡುಗಳನ್ನೂ ಬರೆದರು. 1971ರಲ್ಲಿ, 82ನೇ ವಯಸ್ಸಿನಲ್ಲಿ ತೀರಿಕೊಂಡರು. ಅಲ್ಲಿಯವರೆಗೂ ಅದೇ ಕೆಲಸದಲ್ಲಿದ್ದರು.

ಅವರ ತಮ್ಮ ಎರ್ಹಾರ್ಡ್ ಲೈಪ್‌ಜಿಗ್‌ನಲ್ಲಿ, ಬಾಖ್ ಕೂತ ಜಾಗದಲ್ಲೇ, ಇನ್ನೊಂದು ಹುಡುಗರ ವೃಂದ ನಡೆಸುತ್ತಿದ್ದರು. 1970ರಲ್ಲಿ ಅಣ್ಣತಮ್ಮಂದಿರು ತಮ್ಮ ತಮ್ಮ ವೃಂದಗಳನ್ನು ಸೇರಿಸಿ ಬಾಖ್‌ನ 'ಮತ್ತಾಯ ಪ್ಯಾಶನ್', ಅಂದರೆ ಯೇಸುವಿನ ಯಾತನೆ, ಮರಣದ ಕಥೆ ಹೇಳುವ ಗಾಯನಕೃತಿಯನ್ನು ಧ್ವನಿಮುದ್ರಿಸಿದರು. ಅದರಲ್ಲಿ ಕಥೆ ಹೇಳುವ ಸುವಾರ್ತಿಕನ ಪಾತ್ರ ಹಾಡಿದ್ದು ಅದೇ ಶ್ರೈಯರ್. ಸಿಕ್ಕರೆ ದಯವಿಟ್ಟು ಕೇಳಿ. ನಮಸ್ಕಾರ.