"ಅರ್ಥ ಆಯ್ತಾ?" ಅಂದಾಗ ಬರುವ ಮೌನ

ಕೇಳುಗರಿಗೆ ನಮಸ್ಕಾರ.

ಪದವಿ ಕಾಲೇಜಿನ ಕ್ಲಾಸುಗಳಲ್ಲಿ ದಿನಕ್ಕೆ ಹತ್ತು ಸಲವಾದರೂ ಕೇಳಿಬರುವ ಪ್ರಶ್ನೆ "ಅರ್ಥ ಆಯ್ತಾ?" ಎನ್ನುವುದು. ಅರವತ್ತು ಮಂದಿಯಲ್ಲಿ ಮುಂದಿನ ಎರಡು ಬೆಂಚು "ಹ್ಞಾಂ ಸರ್" ಅನ್ನುತ್ತದೆ, ಪಾಠ ಮುಂದೆ ಸಾಗುತ್ತದೆ. ಹಿಂದಿನ ಬೆಂಚುಗಳ ಸಂಗತಿ ತಿಳಿಯುವುದು ಇಂಟರ್ನಲ್ ಪರೀಕ್ಷೆಯ ಪೇಪರು ಕೈಗೆ ಬಂದಾಗ. ಅಷ್ಟರಲ್ಲಿ ಅರ್ಧ ಸೆಮಿಸ್ಟರ್ ಮುಗಿದಿರುತ್ತದೆ.

ಸುಮ್ಮನಿದ್ದವರೆಲ್ಲ ದಡ್ಡರಲ್ಲ. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಂತೂ ಕಾರವಾರದ ಹುಡುಗಿಗೆ ಮನೆಯಲ್ಲಿ ಕೊಂಕಣಿ, ಹಳಿಯಾಳದವನಿಗೆ ಮರಾಠಿ, ಭಟ್ಕಳದವನಿಗೆ ನವಾಯತಿ, ಶಿರಸಿ ಕಡೆಯವಳಿಗೆ ಹವಿಗನ್ನಡ. ಎಸ್ಸೆಸ್ಸೆಲ್ಸಿ ತನಕ ಕನ್ನಡದಲ್ಲಿ ಓದಿ ಬಂದವರ ಕೈಗೆ ಬಿ.ಕಾಂ.ನಲ್ಲಿ ಇಂಗ್ಲಿಷ್ ಪುಸ್ತಕ. ಉತ್ತರ ಗೊತ್ತಿದ್ದರೂ ವಾಕ್ಯ ಕಟ್ಟಲು ಬಾರದೆ ಬಾಯಿ ಕಟ್ಟುತ್ತದೆ. ಮೊದಲ ಉತ್ತರ ಯಾವ ಭಾಷೆಯಲ್ಲಾದರೂ ಬರಲಿ. ಬೋರ್ಡಿನ ಎಡ ಮೂಲೆಯಲ್ಲಿ ಆ ದಿನದ ಪಾರಿಭಾಷಿಕ ಪದಗಳನ್ನು ಕನ್ನಡ ಅರ್ಥದೊಂದಿಗೆ ಬರೆದು, ಗಂಟೆ ಹೊಡೆಯುವ ತನಕ ಅಳಿಸದೆ ಬಿಡಿ. ಐದು ಪದ ಸಾಕು. ಹತ್ತು ಬರೆದರೆ ಯಾರೂ ನೋಡುವುದಿಲ್ಲ.

ಇನ್ನು ಕೇಳುವ ಬಗೆ. ಅರ್ಥಶಾಸ್ತ್ರದ ಒಂದು ಪ್ರಶ್ನೆ ತೆಗೆದುಕೊಳ್ಳೋಣ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ, ಪೇಟೆಯಲ್ಲಿ ಬಂಗಡೆ ತುಟ್ಟಿ. ಏನಾಯಿತು? ಒಂದು, ಬೇಡಿಕೆ ರೇಖೆ, ಅಂದರೆ ಯಾವ ದರಕ್ಕೆ ಎಷ್ಟು ಕೊಳ್ಳುತ್ತಾರೆಂದು ತೋರಿಸುವ ಗೆರೆ, ಎಡಕ್ಕೆ ಸರಿಯಿತು. ಎರಡು, ಪೂರೈಕೆ ರೇಖೆ, ಅಂದರೆ ಯಾವ ದರಕ್ಕೆ ಎಷ್ಟು ಮಾರಲು ತರುತ್ತಾರೆಂದು ತೋರಿಸುವ ಗೆರೆ, ಎಡಕ್ಕೆ ಸರಿಯಿತು. ಮೂರು, ಎರಡೂ ಸರಿದವು.

ಒಂದು ನಿಮಿಷ ಯಾರೂ ಮಾತಾಡಬಾರದು. ಆಮೇಲೆ ಎಲ್ಲರೂ ಒಟ್ಟಿಗೆ, ಎದೆಗೆ ಒತ್ತಿಕೊಂಡು, ಉತ್ತರದ ಸಂಖ್ಯೆಯಷ್ಟು ಬೆರಳು ತೋರಿಸಬೇಕು. ಕೈ ಮೇಲೆತ್ತಿಸಿದರೆ ಕೆಲಸ ಕೆಟ್ಟಿತು, ಕ್ಲಾಸಿಗೆ ಫಸ್ಟ್ ಬರುವವಳು ಯಾವುದಕ್ಕೆ ಎತ್ತಿದಳೆಂದು ನೋಡಿಯೇ ಉಳಿದವರ ಕೈ ಏಳುತ್ತದೆ. ನೂರಕ್ಕೆ ಮೂವತ್ತಕ್ಕಿಂತ ಕಡಿಮೆ ಜನ ಸರಿಯಿದ್ದರೆ ಪಾಠವನ್ನೇ ಇನ್ನೊಂದು ದಾರಿಯಿಂದ ಹೇಳಬೇಕು. ಎಪ್ಪತ್ತು ದಾಟಿದರೆ ಮುಂದೆ ಹೋಗಬಹುದು. ನಡುವೆ ಇದ್ದರೆ, ಬೇರೆ ಬೆರಳು ತೋರಿಸಿದ ಪಕ್ಕದವರ ಜೊತೆ ಎರಡು ಮೂರು ನಿಮಿಷ ವಾದ ಮಾಡಲಿ, ಮತ್ತೆ ಬೆರಳು ತೋರಿಸಲಿ. ಹಾರ್ವರ್ಡಿನ ಭೌತಶಾಸ್ತ್ರದ ಪ್ರಾಧ್ಯಾಪಕ ಎರಿಕ್ ಮಜೂರ್ 1990ರ ದಶಕದಲ್ಲಿ ರೂಢಿಗೆ ತಂದ ಕ್ರಮ ಇದು. ಬೇಕಾದ ಸಲಕರಣೆ ಬೆರಳು ಮಾತ್ರ.

ಬಂಗಡೆಯ ಪ್ರಶ್ನೆಗೆ ಸರಿಯುತ್ತರ ಎರಡನೆಯದು. ಎಡವುವವರು ಹೆಚ್ಚಾಗಿ ಮೂರನೆಯದಕ್ಕೆ ಹೋಗುತ್ತಾರೆ: ತುಟ್ಟಿಯಾಯಿತು, ಕೊಳ್ಳುವವರು ಕಡಿಮೆಯಾದರು, ಅಂದಮೇಲೆ ಬೇಡಿಕೆಯೂ ಇಳಿಯಿತಲ್ಲ ಎಂಬ ಲೆಕ್ಕ. ಆಡುಮಾತಿನ 'ಬೇಡಿಕೆ'ಗೆ ಕೊಂಡ ಪ್ರಮಾಣ ಎಂಬ ಅರ್ಥವೂ ಇದೆ. ಅರ್ಥಶಾಸ್ತ್ರದ ಪುಸ್ತಕದಲ್ಲಿ ಬೇಡಿಕೆ ಎಂದರೆ ಇಡೀ ರೇಖೆ. ದರ ಏರಿದಾಗ ಗಿರಾಕಿ ಅದೇ ರೇಖೆಯ ಮೇಲೆ ಮೇಲಕ್ಕೆ ಹೋಗುತ್ತಾನೆ, ರೇಖೆ ಕದಲುವುದಿಲ್ಲ. ಈ ತಪ್ಪು ಹೊರಬರಬೇಕೆಂದೇ ಮೂರನೆಯ ಆಯ್ಕೆ ಇಟ್ಟದ್ದು. ತಪ್ಪು ಆಯ್ಕೆಗಳನ್ನು ಹುಡುಗರ ಹಳೆಯ ಉತ್ತರಪತ್ರಿಕೆಗಳಿಂದಲೇ ಆರಿಸಬೇಕು. ಗೈಡಿನಿಂದ ಎತ್ತಿದರೆ ಅವು ಸಪ್ಪೆ.

ಬಾಯಿಮಾತಿನಲ್ಲಿ ಕೇಳಿದಾಗಲಂತೂ ಕಾಯಲೇಬೇಕು. ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ ಶಾಲೆಗಳಲ್ಲಿ ಅಳೆದು ನೋಡಿದಾಗ ಮೇಷ್ಟ್ರುಗಳು ಉತ್ತರಕ್ಕೆ ಕಾಯುತ್ತಿದ್ದದ್ದು ಸುಮಾರು ಒಂದು ಸೆಕೆಂಡು. ಮೂರಕ್ಕೆ ಏರಿಸಿದಾಗ ಉತ್ತರಗಳು ಉದ್ದವಾದವು, 'ಗೊತ್ತಿಲ್ಲ' ಕಡಿಮೆಯಾಯಿತು. ಮೂರು ಸೆಕೆಂಡು ಹೇಳಲು ಸುಲಭ, ನಿಂತು ನೋಡಿದರೆ ಯುಗ. ಮನಸ್ಸಿನಲ್ಲೇ ಎಣಿಸಿ.

ಮಳೆಗಾಲದಲ್ಲಿ ಬಸ್ಸು ತಡ, ಘಟ್ಟದಲ್ಲಿ ಮಣ್ಣು ಕುಸಿದರೆ ಬರುವುದೇ ಇಲ್ಲ. ಹಾಗಾಗಿ ಮೊದಲ ಪೀರಿಯಡ್ಡಿನ ಮೊದಲ ಹತ್ತು ನಿಮಿಷ ಹೊಸ ವಿಷಯ ಬೇಡ. ಪುಸ್ತಕ ಮುಚ್ಚಿಸಿ ಮೂರು ಪ್ರಶ್ನೆ ಬರೆಸಿ: ಒಂದು ನಿನ್ನೆಯದು, ಒಂದು ಹೋದ ವಾರದ್ದು, ಒಂದು ಹೋದ ತಿಂಗಳದ್ದು. ನೆನಪಿನಿಂದ ಹೆಕ್ಕಿ ಬರೆದದ್ದು ಮತ್ತೆ ಮತ್ತೆ ಓದಿದ್ದಕ್ಕಿಂತ ಹೆಚ್ಚು ದಿನ ಉಳಿಯುತ್ತದೆ. ಅಂಕ ಮಾತ್ರ ಕೊಡಬೇಡಿ, ಕೊಟ್ಟ ದಿನದಿಂದಲೇ ನಕಲು ಶುರು.

ಬೆಂಚೇ ಖಾಲಿಯಾದರೆ? ಶೇಕಡಾ 75 ಹಾಜರಿಯ ನಿಯಮ ನೆನಪಾಗುವುದು ಸೆಮಿಸ್ಟರಿನ ಕೊನೆಗೆ, ಆಗ ನೋಟಿಸಿನಿಂದ ಏನೂ ಆಗದು. ಎಡೆಬಿಡದೆ ಮೂರು ದಿನ ಬಾರದವರಿಗೆ ಒಂದು ಫೋನು ಸಾಕು. ಕಾರಣ ಎಷ್ಟೋ ಸಲ ದುಡ್ಡು. ವಿದ್ಯಾರ್ಥಿವೇತನ ಬಂದಿಲ್ಲವೆಂದರೆ ಆಧಾರಿನಲ್ಲೂ ಮಾರ್ಕ್ಸ್ ಕಾರ್ಡಿನಲ್ಲೂ ಹೆಸರು ಒಂದೇ ರೀತಿ ಇದೆಯೇ, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆಯೇ ಎಂದು ಮೊದಲು ನೋಡಬೇಕು.

ಮನಸ್ಸು ಕುಗ್ಗಿದವರಿಗೆ ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿ ಇದೆ, 14416, ಕನ್ನಡದಲ್ಲೂ ಮಾತಾಡುತ್ತಾರೆ. ಈ ಸಂಖ್ಯೆಯನ್ನು ನೋಟಿಸ್ ಬೋರ್ಡಿಗೆ ಅಂಟಿಸಿದರೆ, ನಾಲ್ಕು ಜನರೆದುರು ನಿಂತು ಬರೆದುಕೊಳ್ಳುವವರು ಯಾರು? ಇಂಟರ್ನಲ್ ಪರೀಕ್ಷೆಯ ಪ್ರಶ್ನೆಪತ್ರಿಕೆಯ ಅಡಿಯಲ್ಲಿ ಅಚ್ಚು ಹಾಕಿಸಿ. ಎಲ್ಲರ ಚೀಲದಲ್ಲೂ ಮನೆಗೆ ಹೋಗುತ್ತದೆ.

ನಮಸ್ಕಾರ.