ಹದಿನಾಲ್ಕು ತಟ್ಟೆ

ಕೇಳುಗರಿಗೆ ನಮಸ್ಕಾರ.

ನಮ್ಮ ಹಿತ್ತಿಲಲ್ಲಿ ಹದಿನಾಲ್ಕು ಬೆಕ್ಕುಗಳಿವೆ. ಶುರುವಾಗಿದ್ದು ಒಂದರಿಂದ. ಭತ್ತದ ಚೀಲಕ್ಕೆ ಇಲಿ ಕಾಟ ಜಾಸ್ತಿಯಾಯಿತೆಂದು ಒಂದು ಹೆಣ್ಣು ಬೆಕ್ಕು ತಂದೆವು. ಎರಡು ವರ್ಷದಲ್ಲಿ ಲೆಕ್ಕ ಕೈ ತಪ್ಪಿತು. ಹಂಚೋಣವೆಂದರೆ ಎಲ್ಲರೂ ಗಂಡುಮರಿಯನ್ನೇ ಕೇಳುತ್ತಾರೆ. ಕೊನೆಗೆ ಹಳೆಯ ಸೌದೆ ಕೊಟ್ಟಿಗೆಯನ್ನೇ ಬೆಕ್ಕಿನ ಮನೆ ಮಾಡಿದೆವು.

ಆಗ ನಾನೊಂದು ತಪ್ಪು ಮಾಡಿದೆ. ದನ ಸಾಕಿದ ಕೈ ನೋಡಿ, ಬೆಕ್ಕನ್ನೂ ಹಾಗೇ ಸಾಕಬಹುದು ಅಂದುಕೊಂಡೆ. ಒಂದು ದೊಡ್ಡ ಬೋಗುಣಿ, ಅದರಲ್ಲೇ ಎಲ್ಲರ ಊಟ. ತಿಂಗಳು ಕಳೆಯುವಷ್ಟರಲ್ಲಿ ಬೂದಿ ಎನ್ನುವ ಹೆಣ್ಣು ಬೆಕ್ಕು ಸೊರಗತೊಡಗಿತು. ಜಂತುಹುಳು ಇರಬೇಕೆಂದು ಔಷಧಿ ಹಾಕಿಸಿದೆ. ಗುಣವಾಗಲಿಲ್ಲ.

ಒಂದು ಸಂಜೆ ಸುಮ್ನೆ ಜಗುಲಿಯಲ್ಲಿ ಕೂತು ನೋಡಿದೆ. ಕರಿಯ ಎನ್ನುವ ಗಂಡು ಕೊಟ್ಟಿಗೆಯ ಬಾಗಿಲಲ್ಲಿ ಮಲಗಿತ್ತು. ಗುರ್ ಎನ್ನಲಿಲ್ಲ, ಪಂಜ ಎತ್ತಲಿಲ್ಲ. ಬಾಲದ ತುದಿ ಮಾತ್ರ ಅಲ್ಲಾಡುತ್ತಿತ್ತು. ಬೂದಿ ಹೊಸ್ತಿಲ ತನಕ ಬಂತು. ಆ ಬಾಲ ನೋಡಿತು. ಕೂತು, ಏನೂ ಆಗಿಲ್ಲವೆಂಬಂತೆ ಕಾಲು ನೆಕ್ಕಿಕೊಂಡು ವಾಪಸ್ ಹೋಯಿತು. ಅದಕ್ಕೆ ರೋಗವಿರಲಿಲ್ಲ. ಹಸಿವಿತ್ತು.

ಬೆಕ್ಕು ಹಿಂಡಿನ ಪ್ರಾಣಿಯಲ್ಲ. ಅದರ ಮೂಲ ಆಫ್ರಿಕಾದ ಕಾಡುಬೆಕ್ಕು, ಒಂಟಿಯಾಗಿ ಬೇಟೆಯಾಡುವಂಥದ್ದು. ಒಂದು ಇಲಿ ಒಂದು ಬೆಕ್ಕಿಗೇ ಸಾಲದು, ಹಂಚಿಕೊಂಡು ತಿನ್ನುವ ಮಾತೆಲ್ಲಿ? ಹದಿನಾಲ್ಕು ಬೆಕ್ಕು ಸಾಕುವುದೆಂದರೆ ಹದಿನಾಲ್ಕು ಒಂಟಿ ಜೀವಗಳಿಗೆ ಒಂದೇ ಸೂರು ಕೊಟ್ಟ ಹಾಗೆ.

ಮರುದಿನವೇ ಕೊಟ್ಟಿಗೆಯ ಹಿಂದಿನ ಗೋಡೆಗೆ ಇನ್ನೊಂದು ಕಿಂಡಿ ಕೊರೆಸಿದೆ. ಬೋಗುಣಿ ಹೋಗಿ ಹದಿನಾಲ್ಕು ತಟ್ಟೆ ಬಂದವು, ಒಂದು ಅಲ್ಲಿ, ಒಂದು ಇಲ್ಲಿ. ಗೋಡೆಗೆ ಎತ್ತರ ತಗ್ಗಾಗಿ ಹಲಗೆ ಹೊಡೆಸಿದೆ. ನೆಲ ಎಷ್ಟು ಅಗಲವಿದೆ ಎನ್ನುವುದಕ್ಕಿಂತ ಹತ್ತಿ ಕೂರಲು ಎಷ್ಟು ಜಾಗವಿದೆ ಎನ್ನುವುದು ಬೆಕ್ಕಿಗೆ ಮುಖ್ಯ. ಬೆಕ್ಕಿನ ಕಕ್ಕಸಿಗೆಂದು ಇಡುವ ಮರಳಿನ ಟ್ರೇಗಳು ಬೆಕ್ಕಿನ ಲೆಕ್ಕಕ್ಕಿಂತ ಒಂದು ಹೆಚ್ಚಿರಬೇಕು ಅನ್ನುತ್ತಾರೆ. ನನ್ನಲ್ಲಿ ಒಂಬತ್ತೇ ಇವೆ, ಒಪ್ಪಿಕೊಳ್ಳುತ್ತೇನೆ. ಅದಕ್ಕೇ ದಿನಕ್ಕೆ ಎರಡು ಸಲ ಬಾಚುತ್ತೇನೆ.

ಒಂದು ಮಾತು ಮರೆಯಬೇಡಿ. ಬೆಕ್ಕಿರುವ ಕಡೆ ಫಿನಾಯಿಲ್ ಹಾಕಿ ಒರೆಸಬೇಡಿ. ಅಂಥ ವಸ್ತುವನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಪಿತ್ತಜನಕಾಂಗಕ್ಕೆ ತೀರಾ ಕಡಿಮೆ. ಒದ್ದೆ ನೆಲದಲ್ಲಿ ನಡೆದು ಪಾದ ನೆಕ್ಕಿಕೊಂಡರೆ ವಿಷ ಹೊಟ್ಟೆಗೆ ಹೋಯಿತು. ಜ್ವರ ಬಂದಿದೆಯೆಂದು ನಮ್ಮ ಪ್ಯಾರಾಸಿಟಮಾಲ್ ಕೊಟ್ಟರಂತೂ ಅರ್ಧ ಮಾತ್ರೆಗೂ ಪ್ರಾಣ ಹೋಗಬಹುದು.

ಇನ್ನು ಊಟ. ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆ ಯಾರಿಗೆ ಗೊತ್ತಿಲ್ಲ? ಬಿಸಿ ಹಾಲಿಗೆ ಬಾಯಿ ಸುಟ್ಟುಕೊಂಡು, ಆಮೇಲೆ ಹಾಲು ಕಂಡರೇ ಓಡಿತಂತೆ. ನನ್ನ ಕೇಳಿದರೆ ಆ ಬೆಕ್ಕಿಗೆ ಒಳ್ಳೆಯದೇ ಆಯಿತು. ದೊಡ್ಡ ಬೆಕ್ಕುಗಳಲ್ಲಿ ಬಹಳಷ್ಟಕ್ಕೆ ಹಾಲಿನ ಸಕ್ಕರೆ ಅರಗುವುದಿಲ್ಲ, ಭೇದಿಯಾಗುತ್ತದೆ. ಹಾಲನ್ನ ತಿಂದೇ ಬದುಕಿದ ಅಜ್ಜಿ ಮನೆ ಬೆಕ್ಕು ನಿಮಗೆ ನೆನಪಾಗಬಹುದು. ಅದು ಗುಟ್ಟಾಗಿ ಇಲಿ, ಹಲ್ಲಿ ತಿಂದೇ ಬದುಕಿತ್ತು.

ಮಾಂಸದಲ್ಲಿ ಟಾರಿನ್ ಎನ್ನುವ ಅಂಶವಿದೆ. 1827ರಲ್ಲಿ ಎತ್ತಿನ ಪಿತ್ತರಸದಲ್ಲಿ ಮೊದಲು ಸಿಕ್ಕಿತು, ಹೆಸರೂ ಎತ್ತಿನದೇ. ನಾವು ಅದನ್ನು ಮೈಯೊಳಗೇ ಮಾಡಿಕೊಳ್ಳುತ್ತೇವೆ, ಬೆಕ್ಕಿಗೆ ಸಾಕಷ್ಟು ಮಾಡಿಕೊಳ್ಳಲಾಗದು. ಅದಿಲ್ಲದ ಆಹಾರ ತಿಂದ ಬೆಕ್ಕುಗಳ ಕಣ್ಣಿನ ಪರದೆ ಹಾಳಾಗುತ್ತದೆಂದು 1975ರಲ್ಲಿ ಗೊತ್ತಾಯಿತು. 1987ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ಪಶುವೈದ್ಯರು ಇನ್ನೊಂದು ವಿಷಯ ಕಂಡುಕೊಂಡರು. ಹೃದಯ ಉಬ್ಬಿ ಸಾಯುತ್ತಿದ್ದ ಎಷ್ಟೋ ಬೆಕ್ಕುಗಳಿಗೆ ಇದೇ ಕೊರತೆ ಇತ್ತು. ಅಂಗಡಿಯ ಬೆಕ್ಕಿನ ಆಹಾರ ತಿಂದವೂ ಅವುಗಳಲ್ಲಿದ್ದವು. ಟಾರಿನ್ ಕೊಟ್ಟರೆ ಹೃದಯ ಚೇತರಿಸಿಕೊಳ್ಳುತ್ತಿತ್ತು. ಆಮೇಲೆ ಕಂಪನಿಗಳು ಅದನ್ನು ಜಾಸ್ತಿ ಸೇರಿಸತೊಡಗಿದವು.

ಟಾರಿನ್ ನೀರಿನಲ್ಲಿ ಕರಗುತ್ತದೆ. ಕೋಳಿ ಬೇಯಿಸಿ ನೀರು ಬಸಿದರೆ ಅದೂ ಬಚ್ಚಲಿಗೆ ಹೋಯಿತು. ಆ ಸಾರನ್ನೂ ತಟ್ಟೆಗೆ ಸುರಿಯಿರಿ. ಕೋಳಿಯ ಗುಂಡಿಗೆ ಸಿಕ್ಕರೆ ಇನ್ನೂ ಒಳ್ಳೆಯದು. ಹಾಗಂತ ಬರೀ ಮಾಂಸವೂ ಸಾಲದು, ಅದರಲ್ಲಿ ಸುಣ್ಣದ ಅಂಶ ಕಡಿಮೆ, ಮರಿಗಳ ಮೂಳೆ ಸೊಟ್ಟಗಾಗುತ್ತದೆ. ನಾನು ಪ್ಯಾಕೆಟ್ ಆಹಾರವನ್ನೇ ಮುಖ್ಯವಾಗಿಟ್ಟು ಮೇಲಿಷ್ಟು ಕೋಳಿ ಹಾಕುತ್ತೇನೆ. ನಾಯಿಯ ಪ್ಯಾಕೆಟ್ ಅಗ್ಗ ಸಿಗುತ್ತದೆ, ನಿಜ. ಅದನ್ನು ಬೆಕ್ಕಿಗೆ ಹಾಕಬೇಡಿ.

ಮರಿಗಳ ವಿಷಯಕ್ಕೆ ಬರೋಣ. ಹೆಣ್ಣು ಬೆಕ್ಕು ನಾಲ್ಕರಿಂದ ಆರು ತಿಂಗಳಿಗೇ ಬೆದೆಗೆ ಬರಬಹುದು. ಗಬ್ಬ ಸುಮಾರು ಒಂಬತ್ತು ವಾರ. ಬೆಕ್ಕಿನ ಬೆದೆ ಹಗಲಿನ ಉದ್ದವನ್ನು ನೋಡಿಕೊಳ್ಳುತ್ತದೆ. ಚಳಿ ದೇಶಗಳಲ್ಲಿ ಹಗಲು ಗಿಡ್ಡವಾದಾಗ ನಿಲ್ಲುತ್ತದೆ. ನಮ್ಮಲ್ಲಿ ಹಗಲು ಅಷ್ಟೊಂದು ಕುಗ್ಗುವುದಿಲ್ಲವಲ್ಲ, ಹೆಚ್ಚುಕಡಿಮೆ ವರ್ಷವಿಡೀ ನಡೆಯುತ್ತದೆ. ಮರಿಗೆ ಹಾಲೂಡುತ್ತಿರುವಾಗಲೇ ಮತ್ತೆ ಗಬ್ಬವಾಗಬಹುದು. ಒಂದೇ ಸೂಲಿನ ಮರಿಗಳಿಗೆ ಇಬ್ಬರು ಅಪ್ಪಂದಿರೂ ಇರಬಹುದು! ನನ್ನ ಲೆಕ್ಕ ತಪ್ಪಿದ್ದು ಸುಮ್ನೆ ಅಲ್ಲ, ಅಲ್ವಾ?

ಈಗ ಒಂದೂ ಮರಿ ಹಾಕುವುದಿಲ್ಲ. ಎಲ್ಲಕ್ಕೂ ಸಂತಾನಹರಣ ಚಿಕಿತ್ಸೆ ಮಾಡಿಸಿದ್ದೇನೆ. ನಾಲ್ಕು ತಿಂಗಳಿಗೇ ಮಾಡಿಸಬಹುದು. ಬೆಕ್ಕು ಮರಿಗಳಿಗೆ ಏಳು ಮನೆ ತೋರಿಸುತ್ತದೆ ಅನ್ನುತ್ತಾರೆ. ನಮ್ಮ ಮೊದಲ ಬೆಕ್ಕು ನಾನಿಟ್ಟ ರಟ್ಟಿನ ಡಬ್ಬಿ ಬಿಟ್ಟು ಅಮ್ಮನ ಸೀರೆ ಪೆಟ್ಟಿಗೆಗೇ ಒಂದೊಂದಾಗಿ ಮರಿ ಸಾಗಿಸಿತ್ತು. ಅದನ್ನು ನೋಡುವ ಆಸೆ ಈಗಲೂ ಇದೆ. ಆದರೂ ಮನೆ ಸಿಗದ ಮರಿಗಳನ್ನು ಹುಟ್ಟಿಸುವುದು ನನಗೆ ಸರಿ ಕಾಣುವುದಿಲ್ಲ.

ಹೊರಗಿನಿಂದ ಹೊಸ ಬೆಕ್ಕು ಬಂದರೆ ಎರಡು ವಾರ ಬೇರೆ ಕೋಣೆ. ಒಮ್ಮೆ ಪಾಪ ಅಂತ ಒಂದು ಮರಿಯನ್ನು ನೇರ ಒಳಗೆ ಬಿಟ್ಟೆ. ಅದರ ಜೊತೆ ಪ್ಯಾನ್‌ಲ್ಯುಕೋಪೀನಿಯಾ ಎನ್ನುವ ವೈರಸ್ ರೋಗ ಬಂತು. ವಾರದಲ್ಲಿ ಐದು ಮರಿಗಳನ್ನು ತೆಂಗಿನ ಬುಡದಲ್ಲಿ ಹೂತೆ. ಆ ವೈರಸ್ ನೆಲದಲ್ಲಿ ವರ್ಷದವರೆಗೂ ಉಳಿಯಬಲ್ಲದು, ಬ್ಲೀಚಿಂಗ್ ನೀರಿಗೆ ಬಗ್ಗುತ್ತದೆ. ಒರೆಸಿದ ಮೇಲೆ ನೆಲ ತೊಳೆದು ಪೂರ್ತಿ ಒಣಗಿಸಿಯೇ ಬೆಕ್ಕು ಬಿಡಬೇಕು. ಆರರಿಂದ ಎಂಟು ವಾರಕ್ಕೆ ಲಸಿಕೆ ಶುರು ಮಾಡಿ.

ಬೂದಿಯ ತಟ್ಟೆ ಈಗ ಕಿಟಕಿಯ ಮೇಲಿನ ಹಲಗೆಯಲ್ಲಿದೆ. ಕರಿಯ ಇವತ್ತಿಗೂ ಬಾಗಿಲಲ್ಲೇ ಮಲಗುತ್ತದೆ. ಬೂದಿ ಹಿಂದಿನ ಕಿಂಡಿಯಿಂದ ನುಗ್ಗಿ, ಮೇಲೆ ಹಾರಿ, ಗೋಡೆಗೆ ಬೆನ್ನು ಕೊಟ್ಟು ತಿನ್ನುತ್ತದೆ. ಒಂದು ಕಣ್ಣು ಮಾತ್ರ ಆ ಬಾಲದ ಮೇಲೆ.

ನಮಸ್ಕಾರ.